ಟೊರೊಂಟೊದಲ್ಲಿ ನಾನು ನೋಡಿದ ಬೇಸ್‌ಮೆಂಟುಗಳು

ನನಗೆ ಕೋಪ ಬರುವುದು ನಿಧಾನ. ಆದರೆ ಒಮ್ಮೆ ಬಂತೆಂದರೆ ಬೇಗ ಹೊರಡುವುದಿಲ್ಲ; ಬ್ಯಾಗು ಬಿಚ್ಚಿ, ಬಟ್ಟೆ ಒಣಹಾಕಿಕೊಂಡು, ಮನೆಯವರಲ್ಲಿ ಒಬ್ಬರಾಗಿ ಇದ್ದುಬಿಡುತ್ತದೆ. ಜುಲೈ ತಿಂಗಳಲ್ಲಿ ಟೊರೊಂಟೊದಲ್ಲಿ ಬಂದ ಕೋಪ ನನ್ನ ಜೊತೆಗೇ ವಿಮಾನ ಹತ್ತಿ ಸಿಡ್ನಿಗೆ ಬಂತು. ಈಗ ಅಕ್ಟೋಬರ್ ಆದರೂ ಇಲ್ಲೇ ಇದೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಾಗ ಒಂದಿಷ್ಟು ಕುದಿಯುತ್ತದೆ, ಟ್ರೈನಿನಲ್ಲಿ ಕೂತಾಗ ಇನ್ನೊಂದಿಷ್ಟು. ಕೆಲಸದ ಜಾಗದಲ್ಲಿ ಯಾರಾದರೂ ನಗುನಗುತ್ತ "ಹೌ ವಾಸ್ ಕೆನಡಾ?" ಎಂದರೆ "ಲವ್ಲಿ" ಎನ್ನುತ್ತೇನೆ. ಏನು ಲವ್ಲಿ, ನನ್ನ ತಲೆ!

ನಾನು ಸಿಡ್ನಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಹಗಲೆಲ್ಲ ಊರವರ ಸಕ್ಕರೆ, ಕೊಲೆಸ್ಟರಾಲ್ ನೋಡುವುದೇ ನನ್ನ ಕೆಲಸ. ಎರಡು ವರ್ಷ ರಜೆ ಕೂಡಿಟ್ಟು, ಮ್ಯಾನೇಜರನ್ನು ಒಪ್ಪಿಸಿ, ಇಲ್ಲಿಯ ಚಳಿಗಾಲದಲ್ಲಿ ಅಲ್ಲಿಯ ಬೇಸಿಗೆಗೆ ಹೋಗಿಬರುವುದೆಂದು ನಿಶ್ಚಯ ಮಾಡಿದ್ದು ಒಂದೇ ಒಂದು ಆಸೆಗೆ. ಆ ಊರಿನ ಪಕ್ಕದಲ್ಲಿರುವ ಸರೋವರವನ್ನು ನೋಡಬೇಕು. ನಾನು ಮೈಸೂರಿನವಳು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬೆಳೆದವಳಿಗೆ, ಆಚೆ ದಡವೇ ಕಾಣದ ಕೆರೆಯೊಂದು ಇದೆ ಎನ್ನುವುದು ನಂಬುವ ಮಾತಾಗಿರಲಿಲ್ಲ. ನಮ್ಮ ಮಗಳು ಮೇಘಾ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಮೂವರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದು ಓದುತ್ತಿದ್ದಾಳೆ. ಹಿಂದಿನ ವರ್ಷ ಯಾವುದೋ ಕಾನ್ಫರೆನ್ಸಿಗೆಂದು ನಾಲ್ಕು ದಿನ ಟೊರೊಂಟೊಗೆ ಹೋಗಿ, ಹಾಸ್ಟೆಲ್ಲಿನಲ್ಲಿದ್ದು, ಗಾಜಿನ ನೆಲದ ಟವರು, ಮ್ಯೂಸಿಯಂ, ಹಳೇ ಮಾರುಕಟ್ಟೆ, ಸರೋವರದ ನಡುವಿನ ದ್ವೀಪ ಎಲ್ಲವನ್ನೂ ನೋಡಿ ಬಂದಿದ್ದಳು. ಅದೇ ಊರಿನಲ್ಲಿರುವ ತನ್ನ ಅತ್ತೆಗೆ ಬಂದ ಸುದ್ದಿಯನ್ನೂ ತಿಳಿಸಿರಲಿಲ್ಲ. "ಇದೇನೇ ಇದು, ನೆಂಟರು ಇಷ್ಟವಿಲ್ಲವೇನೇ ನಿನಗೆ?" ಎಂದು ಆಗ ಅವಳಿಗೆ ಬೈದವಳು ನಾನೇ. ನಾವು ಹೊರಡುವ ಮೊದಲು ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಮ್ಮಾ, ಜಸ್ಟ್ ಟೇಕ್ ದ ಫೆರಿ ಟು ದ ಐಲೆಂಡ್. ಬೇರೇನೂ ಬೇಡ. ಪ್ರಾಮಿಸ್?" ನಾನು ಪ್ರಾಮಿಸ್ ಮಾಡಿದೆ.

ಹೋಟೆಲ್ ಬುಕ್ ಮಾಡೋಣವೆಂದು ನಮ್ಮ ಮನೆಯವರಿಗೆ ಸಾವಿರ ಸಲ ಹೇಳಿದ್ದೆ. "ಶೈಲಾ ಅಲ್ಲಿರುವಾಗ ಹೋಟೆಲ್ಲೇನೇ? ಅವಳು ಏನಂದ್ಕೋತಾಳೆ?" ಎಂದರು. ಶೈಲಾ ನಮ್ಮವರ ಚಿಕ್ಕಪ್ಪನ ಮಗಳು, ನನಗೆ ನಾದಿನಿ. ಅವಳು ಏನಂದುಕೊಳ್ಳುತ್ತಾಳೋ ಎನ್ನುವ ಚಿಂತೆ ಇವರಿಗೆ ಮೂವತ್ತು ವರ್ಷದಿಂದ ಇದೆ. ನಾನು ಏನಂದುಕೊಳ್ಳುತ್ತೇನೆ ಎನ್ನುವ ಚಿಂತೆ ಮಾತ್ರ ಇದುವರೆಗೂ ಇವರ ಹತ್ತಿರ ಸುಳಿದಿಲ್ಲ. ಸರಿ, ಇಪ್ಪತ್ತು ಗಂಟೆಗೂ ಮೇಲೆ ವಿಮಾನಗಳಲ್ಲಿ ಕೂತು, ಊದಿದ ಕಾಲುಗಳನ್ನು ಎಳೆದುಕೊಂಡು ಶೈಲಾಳ ಮನೆ ಸೇರಿದೆವು. ಊರಿನ ನಡುಭಾಗದಿಂದ ಮುಕ್ಕಾಲು ಗಂಟೆ ದೂರದ ಸಬರ್ಬು. ಒಳ್ಳೆಯ ಮನೆ, ಒಳ್ಳೆಯ ಮನಸ್ಸು, ಅದನ್ನು ಅಲ್ಲಗಳೆಯುವುದಿಲ್ಲ. ಕಾಫಿ ಲೋಟ ಕೈಗೆ ಕೊಟ್ಟು ಅವಳು ಫ್ರಿಜ್ಜಿನ ಬಾಗಿಲಿನ ಕಡೆ ಬೊಟ್ಟು ಮಾಡಿದಳು. ಅಲ್ಲೊಂದು ಹಾಳೆ ಅಂಟಿಸಿತ್ತು. ಮುಂದಿನ ಹನ್ನೆರಡು ದಿನಗಳಲ್ಲಿ ನಾವು ಯಾವ ಯಾವ ಹೊತ್ತು ಯಾರ ಯಾರ ಮನೆಯಲ್ಲಿ ಊಟ ಮಾಡಬೇಕೆಂಬುದನ್ನು ಅದರಲ್ಲಿ ಚೆಂದದ ಅಕ್ಷರದಲ್ಲಿ ಬರೆದಿದ್ದಳು.

"ಲೇಕ್‌ಗೆ ಯಾವಾಗ ಹೋಗೋದು ಶೈಲಾ?" ಎಂದೆ.

"ಹೋಗೋಣ ಅತ್ತಿಗೆ, ಲೇಕ್ ಎಲ್ಲಿಗೆ ಓಡಿ ಹೋಗತ್ತೆ? ಜನ ಬೇಜಾರು ಮಾಡ್ಕೋತಾರೆ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆಗೆ ಹೋಗದೆ ಇದ್ದರೆ ಆಮೇಲೆ ನಾನು ಇಲ್ಲಿ ಮುಖ ತೋರಿಸೋ ಹಾಗಿಲ್ಲ."

ನಮ್ಮ ಜನರ ಈ ಪದ್ಧತಿಯನ್ನು ಕಂಡುಹಿಡಿದವರು ಯಾರೆಂದು ಗೊತ್ತಾದರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ. ಎಲ್ಲಿಂದಲೋ ಒಬ್ಬರು ಬಂದರೆ ಅವರಿಗೆ ಊರು ತೋರಿಸುವುದಿಲ್ಲ, ಮನೆ ತೋರಿಸುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ "ಬನ್ನಿ, ಮೊದಲು ಮನೆ ನೋಡಿಬಿಡಿ" ಎಂದು ಹೊರಡಿಸುತ್ತಾರೆ. ಮಾಸ್ಟರ್ ಬೆಡ್‌ರೂಮು, ಅದರೊಳಗಿನ ಕಪಾಟು, ಆ ಕಪಾಟಿನೊಳಗೆ ನಡೆದಾಡಬಹುದು ಎನ್ನುವ ಸಂಗತಿ, ಮಕ್ಕಳ ಕೋಣೆ, ಮಗಳು ಗೆದ್ದ ಈಜಿನ ಕಪ್ಪು. ಕೆನಡಾದಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ನೆಲದ ಕೆಳಗೂ ಒಂದು ಮನೆ ಇದೆ. "ಬೇಸ್‌ಮೆಂಟ್ ನೋಡದೆ ಹೋಗೋ ಹಾಗಿಲ್ಲ" ಎಂದು ಕೆಳಗೆ ಇಳಿಸುತ್ತಾರೆ. ಅಲ್ಲಿ ಒಂದು ಸೋಫಾ, ಒಂದು ದೊಡ್ಡ ಟಿವಿ, ಯಾರೂ ಓಡದ ಟ್ರೆಡ್‌ಮಿಲ್ಲು. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ಮನೆ ಬಿಸಿಮಾಡುವ ಯಂತ್ರ. ನಮ್ಮವರು ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರ್. ಅವರಿಗೆ ಆ ಯಂತ್ರ ಕಂಡರೆ ದೇವರು ಕಂಡಷ್ಟು ಭಕ್ತಿ. "ಫಿಲ್ಟರ್ ಎಷ್ಟು ತಿಂಗಳಿಗೆ ಬದಲಾಯಿಸ್ತೀರಿ?" ಎಂದು ಕೇಳಿಬಿಡುತ್ತಿದ್ದರು. ಮನೆ ಯಜಮಾನರು ಮುಚ್ಚಳ ಬಿಚ್ಚಿ ತೋರಿಸುತ್ತಿದ್ದರು. ಹೊರಗೆ ಬಂಗಾರದಂಥ ಬಿಸಿಲು. ಒಳಗೆ ನಾನು ನೆಲದಡಿಯಲ್ಲಿ ನಿಂತು ಫಿಲ್ಟರು ನೋಡುತ್ತಿದ್ದೆ. ಸಿಡ್ನಿಯ ಲ್ಯಾಬಿನಲ್ಲೂ ಕಿಟಕಿಯಿಲ್ಲ, ಇಲ್ಲೂ ಇಲ್ಲ. ಒಂಬತ್ತು ದಿನಗಳಲ್ಲಿ ಒಂಬತ್ತು ಬೇಸ್‌ಮೆಂಟು ನೋಡಿದೆ.

ಆಮೇಲೆ ಊಟ. ಒಂಬತ್ತರಲ್ಲಿ ಐದು ಮನೆಯಲ್ಲಿ ಬಿಸಿಬೇಳೆಬಾತು. ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ರುಚಿಯಾಗಿಯೇ ಮಾಡಿದ್ದರು. ಎರಡು ಸಲ ಬಡಿಸಿಕೊಂಡು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಬೀಳುತ್ತಿತ್ತು. ಕಡೆಯಲ್ಲಿ "ಏನೂ ತಿನ್ನಲೇ ಇಲ್ಲ ನೀವು" ಎನ್ನುವ ಆರೋಪ. ಅರಿಶಿನ ಕುಂಕುಮ, ಒಂದು ರವಿಕೆ ಕಣ. ಕಾರು ಹತ್ತುವ ಹೊತ್ತಿಗೆ ಬಾಗಿಲಲ್ಲಿ ನಿಂತು ಮತ್ತೆ ಮುಕ್ಕಾಲು ಗಂಟೆ ಮಾತು. ಸಂಜೆಗೆ ಮೇಘಾಳ ಮೆಸೇಜು: "ಡಿಡ್ ಯು ಗೋ?" ನಾನು ಉತ್ತರಿಸುತ್ತಿರಲಿಲ್ಲ. ನಮ್ಮವರು ಸೋಫಾದಲ್ಲಿ ಹೊಟ್ಟೆ ಸವರಿಕೊಳ್ಳುತ್ತ "ಎಂಥ ಒಳ್ಳೇ ಜನ ಅಲ್ವೇನೇ" ಎನ್ನುವಾಗ ನನಗೆ ಬರುತ್ತಿದ್ದ ಸಿಟ್ಟನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಸರೋವರವನ್ನು ಅವರು ತೋರಿಸಲೇ ಇಲ್ಲವೆಂದರೆ ತಪ್ಪಾಗುತ್ತದೆ. ಎರಡು ಸಲ ತೋರಿಸಿದರು. ಮೊದಲನೆಯದು ಹಾಸನದ ಕಡೆಯ ದಂಪತಿಯ, ಬೇಸ್‌ಮೆಂಟಿಲ್ಲದ ಹದಿನಾರನೇ ಮಹಡಿಯ ಮನೆಯಿಂದ. ಬಾಲ್ಕನಿಗೆ ಕರೆದುಕೊಂಡು ಹೋಗಿ, "ಸ್ವಲ್ಪ ಈ ಕಡೆ ಬಗ್ಗಿ ಆಂಟಿ, ಆ ಎರಡು ಬಿಲ್ಡಿಂಗ್ ಮಧ್ಯೆ ನೀಲಿಗೆ ಕಾಣ್ತಿದೆಯಲ್ಲ, ಅದೇ ಲೇಕು" ಎಂದರು. ನಾನು ಬಗ್ಗಿದೆ. ಒಂದು ಪಂಚೆಯ ಅಂಚಿನಷ್ಟು ನೀಲಿ ಕಂಡಿತು. ಇನ್ನೂ ಬಗ್ಗುವಷ್ಟರಲ್ಲಿ ಒಳಗಿನಿಂದ "ಎಲೆ ಹಾಕಿದೀವಿ, ಬನ್ನಿ" ಎಂದು ಕೂಗಿದರು. ಎರಡನೆಯ ಸಲ ಶೈಲಾ ಕಾರಿನಲ್ಲೇ ದಡದ ರಸ್ತೆಗೆ ಕರೆದೊಯ್ದಳು. "ಪಾರ್ಕಿಂಗ್ ಸಿಗೋದಿಲ್ಲ ಅತ್ತಿಗೆ, ಕಾರಲ್ಲೇ ನೋಡಿಬಿಡಿ, ನಾನು ನಿಧಾನಕ್ಕೆ ಹೋಗ್ತೀನಿ" ಎಂದಳು. ನಿಧಾನಕ್ಕೆ ಹೋದದ್ದಕ್ಕೆ ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ನೀರಿನ ಕಡೆ ತಿರುಗುವಷ್ಟರಲ್ಲಿ ಪಕ್ಕಕ್ಕೊಂದು ಲಾರಿ ಬಂತು. ಲಾರಿ ಹೋಗುವ ಹೊತ್ತಿಗೆ ಸರೋವರ ಮುಗಿದಿತ್ತು. "ಆಯ್ತಲ್ಲ, ಲೇಕ್ ನೋಡಿದ ಹಾಗಾಯ್ತು" ಎಂದು ನಮ್ಮವರು ಸಮಾಧಾನದಿಂದ ಹೇಳಿದರು. ಆವತ್ತಿನಿಂದ ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಊಟದ ಮನೆಗಳ ಗದ್ದಲದಲ್ಲಿ ಅದು ಅವರ ಗಮನಕ್ಕೆ ಬರಲಿಲ್ಲವೆನ್ನುವುದು ಬೇರೆ ಮಾತು.

ಹನ್ನೊಂದನೆಯ ದಿನ ಬೆಳಿಗ್ಗೆ ಫ್ರಿಜ್ಜಿನ ಮುಂದೆ ನಿಂತೆ. ಮಧ್ಯಾಹ್ನ ಇನ್ನೊಂದು ಮನೆ. ಮರುದಿನ ನಮ್ಮ ವಿಮಾನ. "ಶೈಲಾ, ನಾನು ಇವತ್ತು ಊಟಕ್ಕೆ ಬರೋದಿಲ್ಲ. ಕೆರೆ ನೋಡೋಕೆ ಹೋಗ್ತೀನಿ. ಯಾರೂ ಬರದಿದ್ದರೆ ಒಬ್ಬಳೇ ಹೋಗ್ತೀನಿ" ಎಂದೆ.

ಕಾವಲಿಯ ಮೇಲಿನ ದೋಸೆಯನ್ನು ಶೈಲಾ ಮಗುಚುವುದನ್ನೇ ಮರೆತಳು. "ಅವರು ಒಬ್ಬಟ್ಟು ಮಾಡಿದಾರೆ ಅತ್ತಿಗೆ. ನಿಮಗೋಸ್ಕರ ನಿನ್ನೆಯಿಂದ ಹೂರಣ ರುಬ್ಬಿದಾರೆ."

"ಒಬ್ಬಟ್ಟು ನಮಗೆ ಸಿಡ್ನಿಯ ಪೆಂಡಲ್ ಹಿಲ್ ಅಂಗಡಿಗಳಲ್ಲೂ ಸಿಗತ್ತೆ! ಭೂಮಿಯ ಈ ತುದಿಗೆ ಬಂದದ್ದು ಒಬ್ಬಟ್ಟು ತಿನ್ನೋಕಾ? ಇನ್ನೊಂದು ಬೇಸ್‌ಮೆಂಟಿಗೆ ಇಳಿಸಿದರೆ ನಾನು ಅಲ್ಲೇ ಕೂತುಬಿಡ್ತೀನಿ, ಮೇಲೆ ಬರೋದಿಲ್ಲ!" ಎಂದು ಕಿರುಚಿದೆ. ಹೌದು, ಕಿರುಚಿದೆ. ಐವತ್ತೆಂಟು ವರ್ಷದವಳು, ನಾದಿನಿಯ ಅಡುಗೆಮನೆಯಲ್ಲಿ ನಿಂತು. "ಲೇ, ಸುಮ್ನಿರೇ" ಎಂದರು ನಮ್ಮವರು. ಅದು ಒಗ್ಗರಣೆಗೆ ನೀರು ಚಿಮುಕಿಸಿದ ಹಾಗಾಯಿತು. ಅವರಿಗೆ ಹೇಳಬೇಕಾದ ಹನ್ನೊಂದು ದಿನದ ಮಾತನ್ನು ಅಲ್ಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ದೋಸೆ ಸೀದು ಹೊಗೆಯ ಅಲಾರಂ ಹೊಡೆದುಕೊಂಡಿತು. ಅದನ್ನು ನಿಲ್ಲಿಸಲು ಅವರು ಕುರ್ಚಿ ಹತ್ತಿದರು, ಬಹುಶಃ ನನ್ನಿಂದ ತಪ್ಪಿಸಿಕೊಳ್ಳಲು ಕೂಡ.

ಶೈಲಾ ಒಲೆ ಆರಿಸಿದಳು. ಅವಳ ಮುಖ ಕೆಂಪಾಗಿತ್ತು. "ನಡೀರಿ. ಅಷ್ಟು ಕೆರೆ ಕೆರೆ ಅಂತೀರಲ್ಲ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಒಬ್ಬಟ್ಟಿನ ಮನೆಗೆ ಫೋನ್ ಮಾಡಿದಳು. "ನಮ್ಮ ಅತ್ತಿಗೆಗೆ ಹೊಟ್ಟೆ ಕೆಟ್ಟಿದೆ ಕಣ್ರೀ, ಬೆಳಿಗ್ಗೆಯಿಂದ ಐದು ಸಲ ಆಯ್ತು" ಎಂದಳು. ಬರೀ ಹೊಟ್ಟೆ ನೋವು ಎಂದಿದ್ದರೆ ಸಾಲುತ್ತಿರಲಿಲ್ಲವೇ? ಅರ್ಧ ಗಂಟೆಯಲ್ಲಿ ಆ ಊರಿನ ಸಮಸ್ತ ಕನ್ನಡಿಗರಿಗೂ ಸುದ್ದಿ ಮುಟ್ಟಿತು. ಟ್ರೈನಿನಲ್ಲಿ ಕೂತಿದ್ದಷ್ಟು ಹೊತ್ತೂ ಜೀರಿಗೆ ಕಷಾಯ, ಮೆಂತ್ಯ ಮಜ್ಜಿಗೆ, ದಾಳಿಂಬೆ ಸಿಪ್ಪೆ ಎಂದು ನನ್ನ ಫೋನಿಗೆ ಮೆಸೇಜುಗಳು ಬರುತ್ತಲೇ ಇದ್ದವು. ನಮ್ಮವರು ಮುನಿಸಿಕೊಂಡ ನಮ್ಮಿಬ್ಬರ ಮಧ್ಯೆ ಕೂತು, ನಿಂತ ಸ್ಟೇಷನ್ನುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು.

ಫೆರಿಗೆ ಉದ್ದದ ಕ್ಯೂ ಇತ್ತು. ನಿಂತೆವು. ದೋಣಿ ಹೊರಟಾಗ ಎತ್ತರದ ಕಟ್ಟಡಗಳೂ ಆ ಟವರೂ ನಿಧಾನವಾಗಿ ಹಿಂದಕ್ಕೆ ಸರಿದವು. ದ್ವೀಪದಲ್ಲಿ ಇಳಿದು, ಮರಗಳ ನಡುವೆ ನಡೆದು ಇನ್ನೊಂದು ಬದಿಗೆ ಹೋದರೆ, ನೀರಿನ ಮೇಲೆ ಚಾಚಿದ ಒಂದು ಕಟ್ಟೆ. ಅದರ ತುದಿಯಲ್ಲಿ ನಿಂತು ನೋಡಿದೆ. ನಿಜವಾಗಿಯೂ ಆಚೆ ದಡ ಇರಲಿಲ್ಲ. ಉಪ್ಪಿನ ವಾಸನೆಯಿಲ್ಲದ, ಅಷ್ಟೇನೂ ಅಲೆಯಿಲ್ಲದ ನೀರು, ಆಕಾಶದವರೆಗೂ ನೀರು. ಇಷ್ಟನ್ನು ನೋಡಲು ಹನ್ನೊಂದು ದಿನ, ಒಂದು ಜಗಳ, ನನ್ನ ಹೊಟ್ಟೆಯ ಮರ್ಯಾದೆ, ಎಲ್ಲವೂ ಬೇಕಾಯಿತಲ್ಲ ಎಂದು ಸಿಟ್ಟು ಮತ್ತೆ ಏರಿತು. ಶೈಲಾಗೆ ಇನ್ನೂ ನಾಲ್ಕು ಮಾತು ಹೇಳೋಣವೆಂದು ತಿರುಗಿದೆ. ಅವಳು ಕಟ್ಟೆಯ ಕಂಬಿ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡು ನೋಡುತ್ತಿದ್ದಳು.

"ಹತ್ತೊಂಬತ್ತು ವರ್ಷ ಆಯ್ತು ಅತ್ತಿಗೆ ನಾವು ಈ ಊರಿಗೆ ಬಂದು. ನಾನು ಇಲ್ಲಿಗೆ ಬಂದಿದ್ದು ಇದೇ ಮೊದಲು" ಎಂದಳು. "ಶುರುವಿನಲ್ಲಿ ಎರಡೆರಡು ಕೆಲಸ, ಆಮೇಲೆ ಮಕ್ಕಳು. ಯಾರಾದರೂ ಬಂದಾಗ ಅವರ ಜೊತೆ ಹೋದರಾಯ್ತು ಅಂದ್ಕೋತಿದ್ದೆ. ಬಂದವರಿಗೆಲ್ಲ ಅಡುಗೆ ಮಾಡೋದರಲ್ಲೇ ಆಗಿಹೋಯ್ತು." ಸೆರಗಿಲ್ಲದ ಕಾರಣ ಟೀ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ನಾನು ಬ್ಯಾಗಿನಿಂದ ಕರವಸ್ತ್ರ ತೆಗೆದುಕೊಟ್ಟೆ. ಅವಳು ನಗುತ್ತ ನನ್ನ ಕೈ ಹಿಡಿದುಕೊಂಡಳು. "ನೀವು ಪುಣ್ಯವಂತರು ಬಿಡಿ. ಸಿಡ್ನಿಯ ಫೆರಿ ಇದಕ್ಕಿಂತ ಚೆಂದವಂತೆ, ಬ್ರಿಡ್ಜಿನ ಪಕ್ಕದಲ್ಲೇ ಹೋಗತ್ತಂತೆ. ನೀವು ಆಗಾಗ ಹೋಗ್ತಿರ್ತೀರಿ ಅಲ್ವಾ?"

ಸಿಡ್ನಿಗೆ ಬಂದು ನಮಗೆ ಇಪ್ಪತ್ತಮೂರು ವರ್ಷ. ಬಂದ ನೆಂಟರನ್ನೆಲ್ಲ ಹಾರ್ಬರಿಗೆ ಕರೆದುಕೊಂಡು ಹೋಗಿದ್ದೇನೆ. ಬ್ರಿಡ್ಜು ಕಾಣುವ ಹಾಗೆ ಅಲ್ಲಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಸಿ, "ಬೇಗ ಬನ್ನಿ, ಅನ್ನ ಆರಿಹೋಗತ್ತೆ" ಎಂದು ಮುಂದಿನ ಟ್ರೈನಿನಲ್ಲೇ ಮನೆಗೆ ಎಳೆದು ತಂದಿದ್ದೇನೆ. ಎದುರಿಗೇ ಫೆರಿಗಳು ಹೋಗುತ್ತಿರುತ್ತವೆ. ಒಂದನ್ನೂ ಹತ್ತಿಲ್ಲ. ಅಡುಗೆಮನೆಯಲ್ಲಿ ನಿಂತು ಒಬ್ಬರೂ ನನ್ನ ಮೇಲೆ ಕಿರುಚಲಿಲ್ಲ ಎನ್ನುವುದು ಅವರ ದೊಡ್ಡತನ.

"ತಿಂಗಳಿಗೊಂದ್ಸಲ ಹೋಗ್ತೀವಿ" ಎಂದೆ.

ನಮ್ಮವರು ಅಲ್ಲೇ ನೀರಿನ ಅಂಚಿನಲ್ಲಿದ್ದ ಬಾತುಕೋಳಿಯೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹಾಗಾದರೆ ಈ ಡಿಸೆಂಬರ್ ರಜೆಗೆ ಮಕ್ಕಳನ್ನ ಕರ್ಕೊಂಡು ನಿಮ್ಮಲ್ಲಿಗೇ ಬಂದುಬಿಡ್ತೀವಿ ಅತ್ತಿಗೆ. ಫೆರಿಯಲ್ಲಿ ನೀವೇ ಎಲ್ಲ ತೋರಿಸಬೇಕು" ಎಂದಳು ಶೈಲಾ.

"ಬನ್ನಿ ಬನ್ನಿ, ಖಂಡಿತ ಬನ್ನಿ" ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆಯೇ. "ಮಕ್ಕಳು ಏನೇನು ತಿಂತಾರೆ ಅಂತ ಮಾತ್ರ ಈಗಲೇ ಹೇಳಿಬಿಡು."