ತೆಳು ಪದರಿಗೆ ಬಿಳಿ ನಂಬರು

೧೯೯೮ರಲ್ಲಿ ಹುಕ್ಕೇರಿ ತಾಲೂಕಿನ ಒಂದು ಕಾಲೇಜಿನಲ್ಲಿ, ಬಿಳಿ ಬಣ್ಣದಿಂದ ದಾಸ್ತಾನು ನಂಬರು ಬರೆಸಿಕೊಳ್ಳದ ಯಾವ ವಸ್ತುವೂ ಅಧಿಕೃತವಾಗಿ ಅಸ್ತಿತ್ವದಲ್ಲಿರಲಿಲ್ಲ. ಕುರ್ಚಿ, ಕಪಾಟು, ಕಸಬರಿಗೆಯ ಹಿಡಿ, ಎಲ್ಲಕ್ಕೂ ನಂಬರಿತ್ತು. ಇಲ್ಲದ್ದು ಭೌತಶಾಸ್ತ್ರದ ಉಪನ್ಯಾಸಕ ಧನ್ಯಕುಮಾರರ ಒಂದು ಗಾಜಿನ ಚೂರಿಗೆ ಮಾತ್ರ.

ಆ ಗಾಜಿನ ಮೇಲೆ ಕೋಬಾಲ್ಟ್, ಕಬ್ಬಿಣ, ಬೋರಾನ್ ಬೆರೆತ ಪದರೊಂದಿತ್ತು. ಕೂದಲನ್ನು ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳು. ಅದರ ಪರಮಾಣುಗಳು ಹರಳಿನ ಶಿಸ್ತು ಬಿಟ್ಟು ಸಂತೆಯ ಜನರಂತೆ ಅಡ್ಡಾದಿಡ್ಡಿ ನಿಂತಿದ್ದವು. ಆಯಸ್ಕಾಂತ ಹತ್ತಿರ ತಂದರೆ ಸಾಕು, ಪದರು ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗಿ ಮೀಟರಿನ ಮುಳ್ಳು ಕುಣಿಯುತ್ತಿತ್ತು. ನಾಲ್ಕು ವರ್ಷ ಒದ್ದಾಡಿ ಉಳಿಸಿಕೊಂಡದ್ದು ಈ ಒಂದೇ ಪದರು. ಬುಧವಾರ ಪರೀಕ್ಷಕರ ಮುಂದೆ ಮುಳ್ಳು ಕುಣಿದರೆ ಡಾಕ್ಟರೇಟು, ಇಲ್ಲವಾದರೆ ಇಲ್ಲ.

ಮಂಗಳವಾರ ದಾಸ್ತಾನು ಗುಮಾಸ್ತ ಮುರಿಗೆಪ್ಪ ಬಣ್ಣದ ಡಬ್ಬಿ ಹಿಡಿದು ಬಂದರು.

“ಪದರ ಎಲ್ಲೈತ್ರಿ ಸರ?”

“ಗಾಜಿನ ಮ್ಯಾಲ ಹೊಳಿಯಾಕತ್ತೈತಲ್ರಿ, ಅದ. ಮುಟ್ಟಬ್ಯಾಡ್ರಿ ಮತ್ತ!”

“ನಾ ಯಾಕ ಮುಟ್ಟಲ್ರಿ? ನಂಬರ ಅಷ್ಟ ಬರೀತೇನಿ.”

ಧನ್ಯಕುಮಾರರು ಪ್ರಿನ್ಸಿಪಾಲರ ಬಳಿ ಓಡಿದರು. ಪ್ರಿನ್ಸಿಪಾಲರು ಕನ್ನಡಕ ಏರಿಸಿ ನಿಯಮ ಹದಿನಾಲ್ಕನ್ನು ಓದಿದರು: ‘ವಸ್ತುವಿಗಿಂತ ನಂಬರು ದಪ್ಪವಾಗಿದ್ದಲ್ಲಿ, ನಂಬರನ್ನೇ ವಸ್ತುವೆಂದು ಪರಿಗಣಿಸತಕ್ಕದ್ದು.’

ಮರಳಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮುರಿಗೆಪ್ಪ ಬಲು ಅಚ್ಚುಕಟ್ಟಿನ ಮನುಷ್ಯ. ಬಣ್ಣ ಹಿಡಿಯಲೆಂದು ಗಾಜನ್ನು ಮೊದಲು ಪಾಲಿಶ್ ಪೇಪರಿನಿಂದ ತಿಕ್ಕಿದ್ದರು.

“ಬಾಳ ಹೊಲಸ ಇತ್ರಿ ಸರ. ಲಖಲಖ ಮಾಡೇನಿ ನೋಡ್ರಿ.”

ಕೆಲಸದ ವೇಳೆಯಲ್ಲಿ ಅಳುವುದಕ್ಕೆ ಅವಕಾಶವಿರಲಿಲ್ಲ. ಆದರೂ ಧನ್ಯಕುಮಾರರು ಅತ್ತರು.

ಬುಧವಾರ, ಮೂಡಲಗಿ ಕಡೆಯವರೇ ಆದ ಪರೀಕ್ಷಕರು ತಮ್ಮ ಆಯಸ್ಕಾಂತವನ್ನು ಗಾಜಿನ ಹತ್ತಿರ ತಂದರು. ಮುಳ್ಳು ಮಿಸುಕಲಿಲ್ಲ.

“ಯಾಕ್ರಿ ಹಿಂಗ?”

ಧನ್ಯಕುಮಾರರು ಬಾಯಿ ತೆರೆಯುವ ಮೊದಲೇ ಮುರಿಗೆಪ್ಪ ಮುಂದೆ ಬಂದರು. “ನಿಮ್ಮ ಆಯಸ್ಕಾಂತಕ್ಕ ನಂಬರ ಇಲ್ರಿ ಸಾಹೇಬ್ರ. ಅದರ ಮಾತ ಮುಳ್ಳ ಯಾಕ ಕೇಳತೈತ್ರಿ?”

ಪರೀಕ್ಷಕರು ಆಯಸ್ಕಾಂತವನ್ನು ತಿರುಗಿಸಿ ನೋಡಿದರು; ಎಲ್ಲೂ ನಂಬರಿರಲಿಲ್ಲ. ಅವರ ವಿಶ್ವವಿದ್ಯಾಲಯದಲ್ಲೂ ದಾಸ್ತಾನು ವಿಭಾಗವಿತ್ತು.

“ಖರೆ ಐತಿ,” ಎಂದರು.

ಆಯಸ್ಕಾಂತಕ್ಕೂ ನಂಬರು ಬರೆಯಲಾಯಿತು. ಮುಳ್ಳು ಆಗಲೂ ಮಿಸುಕಲಿಲ್ಲ. ಆದರೆ ಈಗ ಎಲ್ಲಕ್ಕೂ ನಂಬರಿದ್ದುದರಿಂದ ಫಲಿತಾಂಶ ಅಧಿಕೃತವಾಯಿತು: ‘ನಂಬರು ಪಡೆದ ಪದರು ಯಾವ ಆಯಸ್ಕಾಂತಕ್ಕೂ ಜಗ್ಗುವುದಿಲ್ಲ.’ ಇಂಥ ಸ್ಥಿರತೆಯನ್ನು ಈವರೆಗೆ ಯಾರೂ ಸಾಧಿಸಿಲ್ಲವೆಂದು ವರದಿಯಲ್ಲಿ ದಾಖಲಾಯಿತು. ಡಾಕ್ಟರೇಟು ಬಂತು, ಕರದಂಟು ಹಂಚಿದರು.

ಮರುವರ್ಷ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿ ಮಯೂರಿ ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಪದರ ಎಲ್ಲೈತ್ರಿ ಸರ?”

ಡಾಕ್ಟರ್ ಧನ್ಯಕುಮಾರರು ಕಿಟಕಿಯ ಕಡೆ ಮುಖ ಮಾಡಿದರು.

“ನಂಬರ ಕಾಣಾಕತ್ತೈತಿಲ್ಲ ತಂಗಿ? ಬರಕೋ.”

ವಿದ್ಯಾರ್ಥಿಗಳೆಲ್ಲರೂ ಬರೆದುಕೊಂಡರು.