ಐನೂರು ಕಾರ್ಡು, ಒಂದು ಟೇಪು

ನಮ್ಮ ಕಟ್ಟಡದಲ್ಲಿ ನನ್ನಷ್ಟು ಕರಾರುವಾಕ್ಕಾಗಿ ಅಳತೆ ತೆಗೆಯುವವರು ಇನ್ನೊಬ್ಬರಿಲ್ಲ! ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ, ಏನು ಮಾಡಲಿ? ಯಜಮಾನರು ತೀರಿಕೊಂಡ ಮೇಲೆ ಅವರ ಹೊಲಿಗೆ ಮಿಷನ್ ತುಳಿಯಲು ಕೂತು ಹದಿನಾರು ವರ್ಷವಾಯಿತು. ಟೇಪೂ ಅವರದೇ. ಹೋದ ವರ್ಷ ಅದರ ತುದಿಯ ತಗಡು ಉದುರಿ ನೂಲು ಬಿಟ್ಟಾಗ ಹೊಸದು ತಂದೆನೇ? ಇಲ್ಲ! ತುದಿ ಮಡಚಿ, ಸಣ್ಣ ಹೊಲಿಗೆ ಹಾಕಿ ಭದ್ರ ಮಾಡಿದೆ. ಊರವರ ಬಟ್ಟೆ ರಿಪೇರಿ ಮಾಡುವವಳು ತನ್ನ ಸಾಮಾನನ್ನೇ ಎಸೆದರೆ ಮರ್ಯಾದೆ ಉಳಿದೀತೇ?

ಹೀಗೆ ನೆಮ್ಮದಿಯಾಗಿದ್ದಾಗ ಮಗ ಬಾಂಬು ಹಾಕಿದ.

"ಅಮ್ಮಾ, ಹೊಸ ಸೋಫಾ ಬರ್ತಿದೆ. ಮಿಷನ್ ಅಟ್ಟಕ್ಕೆ ಹಾಕೋಣ."

"ಜೊತೆಗೆ ನನ್ನನ್ನೂ ಹತ್ತಿಸಿಬಿಡು!"

"ಕೆಲಸಾನೇ ಬರ್ತಿಲ್ವಲ್ಲಮ್ಮ. ಸರಿ, ಈ ತಿಂಗಳಲ್ಲಿ ಹತ್ತು ಹೊಸ ಗಿರಾಕಿ ಬರ್ಲಿ, ಮಿಷನ್ ಕಿಟಕಿ ಹತ್ರಾನೇ ಇರುತ್ತೆ. ಇಲ್ಲಾಂದ್ರೆ ಅಟ್ಟ."

"ಹತ್ತೇನೋ, ನೂರು ತರ್ತೀನಿ!" ಎಂದು ಗುಡುಗಿದೆ.

ಗುಡುಗಿದ್ದೇನೋ ಸರಿ, ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಗಂಟೆ ಬಾರಿಸಿದರೆ ಬಾಗಿಲಿಗೆ ಓಡುವುದು, ಬಾರಿಸದಿದ್ದರೆ ಗಂಟೆ ಕೆಟ್ಟಿದೆಯೇನೋ ಎಂದು ಒತ್ತಿ ನೋಡುವುದು! ನನ್ನ ಓಡಾಟ ನೋಡಲಾರದೆ, ಅಚ್ಚುಮನೆಯಲ್ಲಿ ಕೆಲಸ ಮಾಡುವ ಸೊಸೆ ಐನೂರು ಕಾರ್ಡು ಮಾಡಿಸಿ ತಂದಳು. ಮೇಲೆ ನನ್ನ ಹೆಸರು, ನಡುವೆ ಕತ್ತರಿಯ ಚಿತ್ರ, ಕೆಳಗೆ "ನಿಮ್ಮ ಅಳತೆ ನಮ್ಮಲ್ಲಿ ಭದ್ರ!"

"ಅತ್ತೆ, ಡಬ್ಬಿಯಲ್ಲಿಟ್ರೆ ಕಾರ್ಡು ಕೆಲಸ ಮಾಡಲ್ಲ. ಕೈಗೇ ಕೊಡ್ಬೇಕು, ಮುಖ ನೋಡಿ ನಗ್ಬೇಕು, ಅವರ ಕೆಲಸದ ಬಗ್ಗೆ ಎರಡು ಮಾತು ಕೇಳ್ಬೇಕು."

ಕಾರ್ಡಿನ ಹಿಂಬದಿ ಬೆಳ್ಳಗೆ, ನುಣ್ಣಗಿತ್ತು. ಅಷ್ಟು ಒಳ್ಳೆಯ ಜಾಗ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಹಳೇ ಗಿರಾಕಿಗಳ ಅಳತೆಗಳನ್ನು ಅದರ ಮೇಲೇ ಬರೆದುಕೊಂಡೆ. ನನಗೆ ಬರುವ ಅಕ್ಷರ ಕಮ್ಮಿ, ಆದ್ದರಿಂದ ಬರೆದದ್ದೆಲ್ಲ ಸತ್ಯವೇ. ಹದಿನೇಳು ಜನರ ಹದಿನೇಳು ಕಾರ್ಡು ಬರೆದು, ಅದೇ ಡಬ್ಬಿಗೆ ಹಾಕಿಟ್ಟೆ.

ಭಾನುವಾರ ಕಟ್ಟಡದವರ ಸಭೆ. ಡಬ್ಬಿ ಹಿಡಿದು ದಂಡಯಾತ್ರೆ ಹೊರಟೆ! ಕೈಗೇ ಕೊಟ್ಟೆ, ಮುಖ ನೋಡಿ ನಕ್ಕೆ, ನೀರಿನ ಪಂಪಿನವನಿಗೂ "ಪಂಪು ಹೇಗಿದ್ದಾರೆ?" ಎಂದು ಕೇಳಿದೆ. ಒಟ್ಟು ನಲವತ್ತು ಕಾರ್ಡು ಖರ್ಚು!

ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ಬ್ಯಾಂಕಿನ ಮ್ಯಾನೇಜರಮ್ಮ ನಗುತ್ತಾ ಬಂದರು. ಕೈಯಲ್ಲಿ ನನ್ನ ಕಾರ್ಡು. ತಿರುಗಿಸಿ ಓದಿದರು:

"ವಕೀಲರು. ಸೊಂಟ 44. ಬಾಯಲ್ಲಿ ಹೇಳುವುದು 38. ವಾದ ಮಾಡಬಾರದು."

ಡಬ್ಬಿ ಸುರಿದು ನೋಡಿದೆ, ಬರೆದಿಟ್ಟ ಹದಿನೇಳೂ ಹಂಚಿಹೋಗಿದ್ದವು!

"ಅಯ್ಯೋ, ಎಷ್ಟು ನಕ್ಕೆ ಅಂತೀರಿ ಅಮ್ಮಾ!" ಎಂದವರು ಥಟ್ಟನೆ ನಗು ನಿಲ್ಲಿಸಿದರು. "ಅಂದ್ಹಾಗೆ... ನಂದು ಯಾರ ಹತ್ರ ಹೋಗಿದೆ?"

ಅವರದು ಹಲ್ಲಿನ ಡಾಕ್ಟರ ಹತ್ತಿರ. ಹಲ್ಲಿನ ಡಾಕ್ಟರದು ಬೇಕರಿಯವಳ ಹತ್ತಿರ. ಬೇಕರಿಯವಳದನ್ನು ಹಿಡಿದುಕೊಂಡವರು ವಕೀಲರು!

"ನಂದು ಬರೋವರೆಗೂ ಇದನ್ನ ಬಿಡಲ್ಲ," ಎಂದು ವಕೀಲರು ತಮ್ಮ ಬಾಗಿಲಲ್ಲೇ ತೀರ್ಪು ಕೊಟ್ಟರು. "ಭದ್ರ ಅಂತೆ, ಭದ್ರ!"

ಎಂಟು ದಿನ ಮೆಟ್ಟಿಲು ಹತ್ತಿ ಇಳಿದೆ. ಮಂಡಿ ಕಿರುಗುಟ್ಟಿತು. ಇಬ್ಬರು ಹಳೇ ಗಿರಾಕಿಗಳು ಅರ್ಧ ಹೊಲಿದ ಪ್ಯಾಂಟನ್ನು ಸೂಜಿ ಸಮೇತ ವಾಪಸು ಒಯ್ದರು. ಹೊಸ ಗಿರಾಕಿ? ಸೊನ್ನೆ! ಮಗ ಮಿಷನ್ನಿನ ಅಗಲವನ್ನೂ ಅಟ್ಟದ ಬಾಗಿಲನ್ನೂ ಕಣ್ಣಲ್ಲೇ ಅಳೆದು ನೋಡತೊಡಗಿದ. ಹದಿನಾರು ಕಾರ್ಡು ಸಿಕ್ಕವು. ಹದಿನೇಳನೆಯದು ಸಿಗಲಿಲ್ಲ. ಅದು ನನ್ನ ಸೊಸೆಯದು!

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಅವಳೇ ಅದನ್ನು ತಂದು ಮಿಷನ್ನಿನ ಮೇಲಿಟ್ಟಳು.

"ಇದನ್ನೇನಾ ಅತ್ತೆ ಹುಡುಕ್ತಿರೋದು? 'ಸೊಸೆ. ಸೊಂಟ 37. ಹೇಳಿದ್ದು 34. ಕೇಳದೆ ಸಡಿಲ ಮಾಡಿದೆ.'"

"ಎ... ಎಲ್ಲಿ ಸಿಕ್ತಮ್ಮ?"

"ನಮ್ಮ ಅಚ್ಚುಮನೆ ಮಾಲೀಕರು ಕೊಟ್ರು, ಅವತ್ತು ಸಭೆಗೆ ಬಂದಿದ್ರಲ್ಲ. ಅಚ್ಚು ಚೆನ್ನಾಗಿ ಬಂದಿದೆ, ಎರಡೂ ಕಡೆ ಅಂದ್ರು!"

ನಾನು ಕಾರ್ಡನ್ನು ಮೆಲ್ಲಗೆ ಬಟ್ಟೆಯ ಕೆಳಗೆ ತಳ್ಳಿದೆ.

"ಮೂವತ್ನಾಲ್ಕು ಸುಳ್ಳು, ಒಪ್ಕೋತೀನಿ. ಆದ್ರೆ ನಿಮ್ಮ ಮೂವತ್ತೇಳೂ ಸುಳ್ಳೇ! ದಾರ ಸುತ್ತಿ ಅಚ್ಚುಮನೆ ಸ್ಟೀಲ್ ಸ್ಕೇಲಲ್ಲಿ ನೋಡ್ದೆ. ಮೂವತ್ತಾರು!"

"ನನ್ನ ಟೇಪು ತಪ್ಪು ಹೇಳುತ್ತಾ? ತಾ ಇಲ್ಲಿ!"

ಟೇಪು ಬಿಡಿಸಿದಳು. ಕಣ್ಣ ಹತ್ತಿರ ಹಿಡಿದಳು. "ಅತ್ತೆ, ಇದು ಒಂದರಿಂದ ಶುರುವಾಗುತ್ತಲ್ಲ, ಮೊದಲನೇ ಇಂಚು ಎಲ್ಲಿ?"

ಮಡಿಕೆಯ ಒಳಗೆ! ಮಡಚಿ, ಸಣ್ಣ ಹೊಲಿಗೆ ಹಾಕಿ, ಭದ್ರ ಮಾಡಿದವಳು ನಾನೇ! ಒಂದು ವರ್ಷದಿಂದ ಇಡೀ ಕಟ್ಟಡವನ್ನು ಒಂದೊಂದಿಂಚು ದಪ್ಪ ಮಾಡಿಟ್ಟಿದ್ದೆ. ಬಟ್ಟೆಯನ್ನೂ ಅದೇ ಟೇಪಿನಲ್ಲಿ ಅಳೆಯುತ್ತಿದ್ದರಿಂದ ಬಟ್ಟೆ ಸರಿಯಾಗಿ ಕೂತಿತ್ತು. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಮತ್ತೆ ಮೆಟ್ಟಿಲು ಹತ್ತಿದೆ. ಪ್ರತಿ ಬಾಗಿಲಲ್ಲೂ ಕೈಮುಗಿದು, "ತಪ್ಪು ನಂದು. ನೀವು ಒಂದಿಂಚು ಸಣ್ಣ ಇದ್ದೀರಿ," ಎಂದೆ.

ಅಬ್ಬಾ, ಆ ಮುಖಗಳು ಅರಳಿದ್ದನ್ನು ನೋಡಬೇಕಿತ್ತು! "ನಾನು ಹೇಳ್ಲಿಲ್ವಾ!" ಎಂದು ವಕೀಲರು ಹೆಂಡತಿಯ ಕಡೆ ತಿರುಗಿ ಕೂಗಿದರು. ನಲವತ್ಮೂರು ಮೂವತ್ತೆಂಟಲ್ಲ. ಆದರೆ ನಾನು ವಾದ ಮಾಡಲಿಲ್ಲ. ಮರುದಿನ ಸಂಜೆ ನಮ್ಮ ಮನೆಯಲ್ಲಿ ನಿಲ್ಲಲು ಜಾಗವಿಲ್ಲ! ಮ್ಯಾನೇಜರಮ್ಮ ತಂಗಿಯನ್ನು ಕರೆತಂದರು, ಡಾಕ್ಟರು ತಾಯಿಯನ್ನು ಕರೆತಂದರು. "ನಮ್ಮನ್ನೂ ಅಳೀರಿ, ಆ ಸಣ್ಣ ಮಾಡೋ ಟೇಪಲ್ಲಿ!" ಹೊಸಬರು ಹನ್ನೊಂದು ಜನ, ಎಲ್ಲರ ಕೈಯಲ್ಲೂ ಹೊಲಿಯಲು ಒಂದೊಂದು ಬಟ್ಟೆ. ಮಗ ಆಗಲೇ ಬಂದಿದ್ದ ಹೊಸ ಸೋಫಾವನ್ನು ಗೋಡೆಗೆ ಸರಿಸಿ, ಬಂದವರಿಗೆ ಕೂರಲು ಕೊಟ್ಟ.

ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಸೊಸೆ ಕೊಟ್ಟ ಹೊಸ ಟೇಪನ್ನು ನನ್ನ ಸೊಂಟಕ್ಕೂ ಸುತ್ತಿ ನೋಡಿದೆ. ಎರಡು ಸಲ ನೋಡಿದೆ.

"ಎಷ್ಟು ಬಂತು ಅತ್ತೆ? ಬರ್ಕೊಂಡ್ರಾ?" ಎಂದು ಹೊರಗಿನಿಂದ ಕೂಗಿದಳು.

ಡಬ್ಬಿಯಲ್ಲಿ ಇನ್ನೂ ನಾನೂರ ಅರವತ್ತು ಕಾರ್ಡುಗಳಿದ್ದವು.

"ಕಾರ್ಡು ಮುಗಿದೋಗಿದೆ ಕಣಮ್ಮ!" ಎಂದೆ.