ಅರಿಶಿನ ಹಚ್ಚಿದ ಒಪ್ಪಿಗೆ ಪತ್ರ

ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಬಳ್ಳಾರಿಯಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ಕೌಲ್ ಬಜಾರಿನ ಒಂದು ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆಗಳ ಒಕ್ಕಣೆ ಬರೆದವನು ನಾನು. ನನ್ನ ಒಕ್ಕಣೆಯಲ್ಲಿ ಮದುವೆಯಾದವರಲ್ಲಿ ಎಷ್ಟೋ ಜನ ಈಗಲೂ ಜೊತೆಯಲ್ಲೇ ಇದ್ದಾರೆ! ಆದರೆ ಜನ ಮೊಬೈಲಿನಲ್ಲೇ ಮದುವೆಗೆ ಕರೆಯಲು ಕಲಿತರು, ಪ್ರೆಸ್ಸಿನ ಬಾಗಿಲು ಮುಚ್ಚಿತು. ನಾನು ಪಾರ್ವತಿನಗರದ ಮನೆಯಲ್ಲಿ ಹೆಂಡತಿ ಶಾಂತಾಳಿಗೆ ಬೆಳ್ಳುಳ್ಳಿ ಸುಲಿದುಕೊಡುವ ಉದ್ಯೋಗಕ್ಕೆ ಸೇರಿಕೊಂಡೆ.

ಅಂಥ ಹೊತ್ತಿನಲ್ಲಿ ಎರಡು ಕೆಲಸ ಒಟ್ಟಿಗೆ ಒಲಿದು ಬಂದವು. ಕುರುಗೋಡಿನ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವುದು ಒಂದು, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವುದು ಇನ್ನೊಂದು. ನನ್ನ ಮನಸ್ಸೆಲ್ಲ ಸಿರುಗುಪ್ಪದ ಮೇಲೆ. ಇಂಟರ್‌ವ್ಯೂ ಮುಗಿಸಿದ ಮಿಲ್ಲಿನ ಮಾಲೀಕ ವೀರನಗೌಡರು ಹೇಳಿದರು:

"ಕೆಲ್ಸ ನಿಮಗ ಕೊಟ್ಟೀನ್ರಿ. ಆದ್ರ ಬಾಯಿಮಾತು ನಡಿಯಂಗಿಲ್ಲ. ಶನಿವಾರದೊಳಗ ಒಪ್ಪಿಗೆ ಪತ್ರ ಬರ್ಲಿ, ನಿಮ್ಮ ಬರವಣಿಗಿ ಹೆಂಗೈತಿ ನೋಡೋಣು."

ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಸೇರಿಸಿದರು. ಪತ್ರ ಕೇಳುವುದೂ ನನ್ನನ್ನೇ! ಬಸ್ಸಿನಲ್ಲಿ ಊರಿನ ತನಕ ನಗುತ್ತಲೇ ಬಂದೆ.

ಕುರುಗೋಡಿನವರಿಗೆ 'ಬರಲಾಗುವುದಿಲ್ಲ, ಕ್ಷಮಿಸಿ' ಎಂಬ ಪತ್ರ ಸಲೀಸಾಗಿ ಮುಗಿಯಿತು. ಸಿರುಗುಪ್ಪದ ಪತ್ರಕ್ಕೆ ಮಾತ್ರ ನನ್ನ ಸಕಲ ವಿದ್ಯೆಯನ್ನೂ ಧಾರೆ ಎರೆದೆ. 'ಮಾನ್ಯರೇ' ಎಂದು ಶುರುಮಾಡಿದ್ದೇನೋ ನಿಜ. ಆಮೇಲೆ ಕೈ ತನ್ನ ಹಳೆಯ ದಾರಿ ಹಿಡಿಯಿತು. 'ಗುರುಹಿರಿಯರ ಕೃಪಾಶೀರ್ವಾದದಿಂದ, ಬರುವ ಸೋಮವಾರ ಬೆಳಗಿನ ಶುಭ ಮುಹೂರ್ತದಲ್ಲಿ ನಾನು ತಮ್ಮ ಮಿಲ್ಲಿನಲ್ಲಿ ಕೆಲಸಕ್ಕೆ ಸೇರುವುದೆಂದು ನಿಶ್ಚಯಿಸಲಾಗಿದೆ. ಈ ಶುಭ ಸಮಾರಂಭಕ್ಕೆ ತಾವು ಬಂಧುಮಿತ್ರರೊಡನೆ ಆಗಮಿಸಿ ಹರಸಬೇಕಾಗಿ ವಿನಂತಿ.' ಅವರ ಮಿಲ್ಲಿಗೆ ಅವರನ್ನೇ ಕರೆದಿದ್ದೆ! ಆಗ ಅದು ಹೊಳೆಯಲೇ ಇಲ್ಲ. ಓದಿಕೊಂಡು ನನಗೇ ಕಣ್ಣು ತುಂಬಿತು.

ಪ್ರೆಸ್ಸಿನಿಂದ ಉಳಿಸಿಕೊಂಡಿದ್ದ ದಪ್ಪ ಕವರಿಗೆ ಪತ್ರ ಸೇರಿಸಿದೆ. ಅದರ ಮೂಲೆಯಲ್ಲಿ ಪುಟ್ಟದೊಂದು ಗಣಪತಿ ಇತ್ತು. ಗಣಪತಿ ಬೇಡ ಎನ್ನುವವರು ಯಾರಿದ್ದಾರೆ? ಶಾಂತಾ ಅಡುಗೆಮನೆಯಿಂದ ಅರಿಶಿನ ತಂದು ಕವರಿನ ನಾಲ್ಕೂ ಮೂಲೆಗೆ ಹಚ್ಚಿದಳು. ಶುಭಕಾರ್ಯದ ಪತ್ರ ಬೋಳಾಗಿ ಹೋಗಬಾರದಂತೆ. ಕುರುಗೋಡಿನ ಕವರನ್ನೂ ಮುಂದೆ ಹಿಡಿದೆ.

"ಒಲ್ಲೆ ಅನ್ನೋ ಪತ್ರಕ್ಕ ಯಾರರ ಅರಿಷಿಣ ಹಚ್ತಾರೇನ್ರಿ?" ಎಂದು ಬೈದಳು.

ಅರಿಶಿನವಿಲ್ಲದ ಪತ್ರ ಮುಟ್ಟಿದ ದಿನವೇ ಕುರುಗೋಡಿನಿಂದ ಫೋನ್ ಬಂತು. ಪತ್ರ ಓದಿದೆವು, ಬೇರೆಯವರನ್ನು ತೆಗೆದುಕೊಂಡೆವು, ನಿಮಗೆ ಒಳ್ಳೆಯದಾಗಲಿ ಎಂದರು. ಸಿರುಗುಪ್ಪದಿಂದ ಮಾತ್ರ ಸದ್ದಿಲ್ಲ. ಶನಿವಾರವೂ ಕಳೆಯಿತು. ಒಂದು ಫೋನ್ ಮಾಡಿ ಕೇಳಿ ಎಂದು ಶಾಂತಾ ಗೋಗರೆದಳು. ಅಂಥ ಪತ್ರ ಬರೆದವನು ಫೋನ್ ಮಾಡುವುದೇ? ಮೆಚ್ಚಿ ಮೂಕರಾಗಿರಬೇಕು ಎಂದು ಸಮಾಧಾನ ಹೇಳಿದೆ.

ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಮಿಲ್ಲಿಗೆ ಹೋದರೆ ಗೌಡರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಪತ್ರನ ಬರ್ಲಿಲ್ಲಲ್ರಿ. ನಿಮಗ ಮನಸಿಲ್ಲಂತ ತಿಳ್ಕೊಂಡೆ. ಇವತ್ತ ಬ್ಯಾರೆಯವರಿಗೆ ಹೇಳಿ ಕಳಸ್ಬೇಕಂತ ಮಾಡೀನಿ."

ಬೇಡವೆಂದ ಕೆಲಸ ಹೋಗಿತ್ತು, ಬೇಕೆಂದ ಕೆಲಸವೂ ಹೊರಟು ನಿಂತಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಕಾಯುತ್ತಿತ್ತು. ಕಳಿಸಿದ್ದೇನೆ ಸಾಹೇಬರೇ, ದಪ್ಪ ಕವರು, ಅರಿಶಿನ ಹಚ್ಚಿದೆ ಎಂದು ತೊದಲಿದೆ. ಅರಿಶಿನ ಎಂದ ಕೂಡಲೇ ಗೌಡರ ಕಣ್ಣು ಕಪಾಟಿನ ಮೇಲೆ ಹೋಯಿತು. ಅಲ್ಲಿ ಲಗ್ನಪತ್ರಿಕೆಗಳ ರಾಶಿ! ಮದುವೆಯ ಸೀಸನ್ನು, ಅರ್ಧ ತಾಲ್ಲೂಕು ಗೌಡರನ್ನು ಕರೆದಿತ್ತು. ಬಿಡುವಾದಾಗ ನೋಡೋಣವೆಂದು ಒಂದನ್ನೂ ಒಡೆಯದೆ ಇಟ್ಟಿದ್ದರು. ನನ್ನ ಒಪ್ಪಿಗೆ ಪತ್ರ ಆ ರಾಶಿಯ ನಡುವೆ ಸುಖವಾಗಿ ಮಲಗಿತ್ತು.

ಗೌಡರು ಅದನ್ನು ಒಡೆದು, ಅಕ್ಕಿ ಮೂಟೆ ಹೊರುತ್ತಿದ್ದ ಹಮಾಲರೆದುರು ಗಟ್ಟಿಯಾಗಿ ಓದಿದರು. ಶುಭ ಮುಹೂರ್ತದವರೆಗೆ ಗಂಭೀರವಾಗಿದ್ದರು. 'ಬಂಧುಮಿತ್ರರೊಡನೆ' ಎಂಬಲ್ಲಿಗೆ ಬರುವಷ್ಟರಲ್ಲಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಟ್ಟಕಡೆಗೆ, ಅಭ್ಯಾಸಬಲದಿಂದ ನಾನು ಬರೆದಿದ್ದ ಒಂದು ಸಾಲು ಉಳಿದಿತ್ತು: 'ಆಶೀರ್ವಾದವೇ ಉಡುಗೊರೆ.'

"ಬಂಧುಮಿತ್ರರು ಇಲ್ಲೇ ಅದಾರ, ಮುಹೂರ್ತನೂ ಮೀರಿಲ್ಲ," ಎಂದರು ಗೌಡರು. "ಆದ್ರ ಆಶೀರ್ವಾದ ಸಾಕಂತ ನೀವ ಬರ್ದೀರಿ. ಮತ್ತ ಪಗಾರ ಬ್ಯಾಡೇನು?"

ಆ ಒಂದು ಸಾಲನ್ನು ಹೊಡೆದುಹಾಕಬೇಕೆಂದು ಕೈಮುಗಿದು ಕೇಳಿಕೊಂಡೆ. ಹಮಾಲರು ಹಿಡಿ ಹಿಡಿ ಅಕ್ಕಿ ತಂದು ನನ್ನ ತಲೆಯ ಮೇಲೆ ಹಾಕಿ ಹರಸಿದರು. ನನ್ನ ಮದುವೆಯಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ! ಆಮೇಲೆ ಗೌಡರು ಬಿಳಿ ಹಾಳೆ ಕೊಟ್ಟು, 'ಕೆಲಸಕ್ಕೆ ಒಪ್ಪಿದ್ದೇನೆ' ಎಂದಷ್ಟೇ ಬರೆಸಿ ಸಹಿ ಹಾಕಿಸಿಕೊಂಡರು. ಅಂದಿನಿಂದ ಮಿಲ್ಲಿನ ಪ್ರತಿ ಪತ್ರವನ್ನೂ ನಾನೇ ಬರೆಯುತ್ತೇನೆ. ಅಂಚೆಗೆ ಹಾಕುವ ಮೊದಲು ಗೌಡರೇ ಓದುತ್ತಾರೆ, ಯಾರನ್ನೂ ಯಾವ ಮದುವೆಗೂ ಕರೆದಿಲ್ಲವೆಂದು ಖಚಿತಪಡಿಸಿಕೊಳ್ಳಲು.

ಆ ಸಂಜೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಶಾಂತಾ ಪೂರ್ತಿ ಕೇಳಿ, ಬೆಳ್ಳುಳ್ಳಿಯ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು.

"ನಾ ಅರಿಷಿಣ ಹಚ್ಚಿದ್ದಕ್ಕ ಕೆಲ್ಸ ಸಿಕ್ತು ನೋಡ್ರಿ," ಎಂದಳು.

ಇಷ್ಟು ವರ್ಷದ ಒಕ್ಕಣೆಯ ವಿದ್ವಾಂಸನಾದ ನಾನು ಹೌದೆಂದು ತಲೆಯಾಡಿಸಿದೆ. ಕೂದಲಿನೊಳಗಿಂದ ನಾಲ್ಕು ಅಕ್ಕಿಕಾಳು ಬೆಳ್ಳುಳ್ಳಿಯ ತಟ್ಟೆಗೆ ಬಿದ್ದವು.